ಮಾನಸಳ ಪಾಲಿನ ಹುಣಸೆಹಣ್ಣು

ಕಳ್ಳಂಬೆಳ್ಳದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ತರನ್ನುಮ್ ಮಿಸ್ಸು, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಕಥೆಪುಸ್ತಕ ಓದಿಸುತ್ತಾರೆ. ಹುಣಸೆಹಣ್ಣಿನ ಕಾಲ ಬಂತೆಂದರೆ ಹುಡುಗಿಯರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ, ಹುಡುಗರು ಉಳಿಯುತ್ತಾರೆ. ಈ ವರ್ಷ ಒಂಬತ್ತನೇ ಕ್ಲಾಸಿನ ಮಾನಸಳೂ ಓದಿಗೆ ಬರುವುದನ್ನು ನಿಲ್ಲಿಸಿಬಿಟ್ಟಳು. ತಡವರಿಸುತ್ತಿದ್ದವಳು ಈಗಷ್ಟೇ ಸರಾಗವಾಗಿ ಓದತೊಡಗಿದ್ದಳು. ಇಲ್ಲಿಗೇ ಬಿಟ್ಟರೆ ಮತ್ತೆ ಅಕ್ಷರ ಕೂಡಿಸುವುದಕ್ಕೇ ಇಳಿಯುತ್ತಾಳೆಂದು ಮಿಸ್ಸಿಗೆ ತಳಮಳ. ಒಂದು ಸಂಜೆ, ಅವಳು ಅರ್ಧಕ್ಕೆ ಬಿಟ್ಟ ಪುಸ್ತಕ ಹಿಡಿದು ಅವಳ ಮನೆಗೇ ಹೋದರು.

ಅಂಗಳದಲ್ಲಿ ಹೆಂಗಸರು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಓದಿನ ಮಹತ್ವದ ಬಗ್ಗೆ ಮಿಸ್ಸು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಮಾನಸಳ ತಾಯಿ ಚಿಕ್ಕಹನುಮಕ್ಕ ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಓದ್ಬ್ಯಾಡ ಅಂದೋರ್ಯಾರು ಮಿಸ್ಸೇ? ಇವ್ಳು ಅಲ್ಲಿ ಕುಂತ್ರೆ ಇವ್ಳ ಪಾಲಿಂದು ಯಾರು ಕುಟ್ಟೋರು, ನೀವಾ?"

ಹೆಂಗಸರು ನಕ್ಕರು. ತರನ್ನುಮ್‌ಗೆ ನಗು ಬರಲಿಲ್ಲ. ಅವರು ಒಂದು ಕಾದಂಬರಿಯನ್ನು ಪೂರ್ತಿ ಓದಿದ್ದು ಮದುವೆಗೆ ಮುಂಚೆ. ಆಮೇಲೆ ಓದಿದ್ದೆಲ್ಲ ಸ್ಟೌವ್ ಮುಂದೆ ನಿಂತು, ಹಾಲು ಉಕ್ಕುವವರೆಗೆ. ಅವರ ಪಾಲಿನ ಕೆಲಸಕ್ಕೂ ಯಾರೂ ಕೈ ಹಾಕಿರಲಿಲ್ಲ. ಮಿಸ್ಸು ಸೆರಗು ಸಿಕ್ಕಿಸಿ ಮಾನಸಳ ಜಾಗದಲ್ಲಿ ಕೂತು, ಅವಳ ಕೈಯ ಸುತ್ತಿಗೆ ಇಸಿದುಕೊಂಡು ಪುಸ್ತಕ ಕೊಟ್ಟರು.

ಕಾಣೆಯಾದ ಎಮ್ಮೆಯನ್ನು ಹುಡುಕುತ್ತ ಒಬ್ಬಂಟಿಯಾಗಿ ಗುಡ್ಡ ಹತ್ತುವ ಹೆಂಗಸಿನ ಕಥೆ ಅದು. ಮಾನಸ ಮೊದಮೊದಲು ನಾಚಿದಳು, ಆಮೇಲೆ ದನಿ ಏರಿತು. ಮಿಸ್ಸು ಬೆರಳು ಜಜ್ಜಿಕೊಂಡರು. "ನಿಧಾನ ಕಣಮ್ಮ, ನಾಳೆ ಬೋರ್ಡ್ ಮ್ಯಾಲೆ ಬರೀಬ್ಯಾಡ್ವಾ?" ಎಂದು ಪಕ್ಕದವಳು ಅವರ ರಾಶಿಯಿಂದ ಒಂದಷ್ಟನ್ನು ತನ್ನ ಕಡೆಗೆ ಎಳೆದುಕೊಂಡಳು. ಬರಬರುತ್ತ ಸುತ್ತಿಗೆಗಳ ಸದ್ದು ಮೆತ್ತಗಾಯಿತು, ಕಥೆ ಕೇಳಿಸಲೆಂದು.

ಅಷ್ಟರಲ್ಲಿ ಮಾನಸಳ ಅಪ್ಪ ಬಂದು, ಮುದ್ದೆಗೆ ಎಸರಿಡಲು ಮಗಳನ್ನು ಕಳಿಸೆಂದ.

"ನೀನೇ ಇಟ್ಕಳಯ್ಯ," ಎಂದಳು ಚಿಕ್ಕಹನುಮಕ್ಕ ತಲೆಯೆತ್ತದೆ. "ಎಮ್ಮೆ ಇನ್ನೂ ಸಿಕ್ಕಿಲ್ಲ."

ಅವನು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದ ತನ್ನ ಎಮ್ಮೆಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಒಳಗೆ ಹೋದ. ಪಾತ್ರೆ ಹುಡುಕುವ ಸದ್ದು ಬಹಳ ಹೊತ್ತು ಕೇಳಿಸಿತು.

"ನಾಳೆಯಿಂದ ಇವ್ಳ ಪಾಲು ನಾವು ಹಂಚ್ಕೋತೀವಿ ಮಿಸ್ಸೇ. ಓದೋದು ಮಾತ್ರ ಇಲ್ಲೇ, ನಮ್ಮುಂದೆ," ಎಂದಳು ಚಿಕ್ಕಹನುಮಕ್ಕ.

ಮಿಸ್ಸು ತಲೆಯಾಡಿಸುವಾಗ ಅವರ ಫೋನು ಹೊಡೆದುಕೊಂಡಿತು. ಕೈಯೆಲ್ಲ ಅಂಟು, ಮಾನಸಳೇ ಅದನ್ನು ಅವರ ಕಿವಿಗೆ ಹಿಡಿದಳು. ಸಿರಾದ ಮನೆಯಿಂದ ಗಂಡ ಯೂನುಸ್, ರಾತ್ರಿ ಊಟಕ್ಕೇನೆಂದು ಕೇಳುತ್ತಿದ್ದ.

"ಅಕ್ಕಿ ಡಬ್ಬದಲ್ಲಿದೆ. ಬೇಳೆ ಅದರ ಪಕ್ಕ," ಎಂದು ಹೇಳಿ ಮಿಸ್ಸು, ಮುಂದಕ್ಕೆ ಓದು ಎಂದು ಮಾನಸಳಿಗೆ ಕಣ್ಣಲ್ಲೇ ಸನ್ನೆ ಮಾಡಿದರು.