ಎಂಟು ಕೋರು

ಜಗಳೂರಿನ ಒಂದು ರೈತ ಸಂಘಕ್ಕೆ ನಾನೇ ಬರೆದುಕೊಟ್ಟ ಪ್ರೋಗ್ರಾಂ ಅದು. ಶೇಂಗಾ ಬೀಜದ ಒಂದು ಚೀಟಿ ಕೊಡಲು ಕಾಲು ಗಂಟೆ ತಗೊಳ್ಳುತ್ತಿತ್ತು, ರೈತರ ಸಾಲು ಬಾಗಿಲು ದಾಟಿತ್ತು. ಸರ್ವರ್ ಹಳೇದು ಎಂದು ತೋರಿಸಿ ಪಾರಾಗಲು, ಅದರ ಒಳಗಿನ ವಿವರವನ್ನೆಲ್ಲ ಒಂದು ವೆಬ್ ಪುಟಕ್ಕೆ ತಂದು ಗೋಡೆಯ ಟಿವಿಯಲ್ಲಿ ಹಾಕಿದೆ. ಮೆಮೊರಿ, ಬಿಸಿ, ಕೋರ್ ಒಂದರಿಂದ ಎಂಟರವರೆಗೆ ಯಾವುದು ಶೇಕಡಾ ಎಷ್ಟು ದುಡಿಯುತ್ತಿದೆ ಎಂಬುದು, ಎಲ್ಲವೂ ಕನ್ನಡದಲ್ಲಿ.

ಸಾಲಿನ ಮುಂದಿದ್ದ ಅಜ್ಜ ಕನ್ನಡಕ ಏರಿಸಿ ಓದಿದರು. "ಎಂಟು ಮಂದಿಗೆ ಕೋರಿಗೆ ಕೊಟ್ಟೀರೇನ್ರೀ?"

ನಮ್ಮ ಕಡೆ ಕೋರು ಅಂದರೆ ಅರ್ಧ ಫಸಲಿನ ಕರಾರಿಗೆ ಇನ್ನೊಬ್ಬರ ಹೊಲ ಮಾಡುವುದು.

"ಅಲ್ರೀ ಅಜ್ಜಾರೇ, ಇವು ಮಷಿನ್ನಿನ ಒಳಗೆ ಕೆಲಸ ಮಾಡೋ ಭಾಗಗಳು," ಎಂದೆ.

"ಯಾವ್ದಾರ ಆಗ್ಲಿ. ಮೊದಲನೇದು ನೂರಕ್ಕೆ ನೂರು ದುಡಿತೈತೆ, ಉಳಿದ ಏಳೂ ಸೊನ್ನೆ. ಬದುವಿನ ಮ್ಯಾಲೆ ಕೂತು ಬೀಡಿ ಸೇದ್ತಾವೇನು?"

ಸಾಲಿಗೆ ಸಾಲೇ ನಕ್ಕಿತು. ನಾನೂ ಹೊಟ್ಟೆ ಹಿಡಿದು ನಕ್ಕೆ, ನಗುತ್ತಲೇ ಟಿವಿ ಕಡೆ ತಿರುಗಿ ನೋಡಿದೆ. ಕೆಲಸವನ್ನೆಲ್ಲ ಒಂದೇ ಕೋರಿನ ತಲೆಗೆ ಕಟ್ಟಿದ್ದು ನನ್ನ ಪ್ರೋಗ್ರಾಮೇ. ಕೂತು ಎಂಟಕ್ಕೂ ಹಂಚಿದೆ. ಊಟದ ಹೊತ್ತಿಗೆ ಸಾಲೇ ಇರಲಿಲ್ಲ.

ಸಂಘಕ್ಕೆ ಕೊಟ್ಟ ವರದಿಯಲ್ಲಿ 'ದೋಷ ಪತ್ತೆ ಮಾಡಿದವರು' ಎಂಬಲ್ಲಿ ನನ್ನ ಹೆಸರೊಂದೇ ಇದೆ. ಕೋರಿನ ಪ್ರಕಾರ ಅರ್ಧ ಆ ಅಜ್ಜನದು.