ಆಯಿಂಕೆ ನಿಂತ ಸಾಲು

ನನ್ನ ಅತ್ತಿಗೆ ಆಯಿಂಕೆ ಮದುವೆಯಾಗಿ ನಮ್ಮ ವಠಾರಕ್ಕೆ ಬಂದಾಗ ನನಗೆ ಆರು ವರ್ಷ. ಮುಂದಿನ ಹಲ್ಲೆರಡೂ ಬಿದ್ದಿದ್ದವು. ಆದರೂ ನಾನು ಅವಳಿಗೆ ಯಜಮಾನ. ನಮ್ಮೂರು ಇಸೇಯಿನ್‌ನಲ್ಲಿ ಸೊಸೆ ಕಾಲಿಡುವ ಮುಂಚೆ ಆ ಮನೆಯಲ್ಲಿ ಹುಟ್ಟಿದವರೆಲ್ಲ ಅವಳಿಗೆ ಹಿರಿಯರೇ, ತೊಟ್ಟಿಲ ಕೂಸು ಕೂಡ. ಹೆಸರು ಹಿಡಿದು ಕರೆಯುವಂತಿಲ್ಲ. ಕಂಡರೆ ಮಂಡಿಯೂರಬೇಕು, ಎದುರಾದರೆ ದಾರಿ ಬಿಡಬೇಕು. ಆಯಿಂಕೆ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದಳು. ನನಗೆ "ಮುತ್ತಿನ ಹಲ್ಲಿನ ಯಜಮಾನ್ರು" ಎಂದು ಹೆಸರಿಟ್ಟು, ಬೀದಿಯೆಲ್ಲ ನಗುವಷ್ಟು ಭಯಭಕ್ತಿಯಿಂದ ಕರೆದಳು. ಹಲ್ಲು ಬಂದ ಮೇಲೂ ಆ ಹೆಸರು ಹೋಗಲಿಲ್ಲ.

ಅವಳ ಗಂಡ, ಎಂದರೆ ನನ್ನ ಅಣ್ಣ, ಮಗ್ಗದ ಮುಂದೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಸೆರಗು ಮುಗಿಸಿಯೇ ಏಳುವ ಆಸಾಮಿ. ಸಂಸಾರ ನಡೆಯುತ್ತಿದ್ದುದು ಅತ್ತಿಗೆಯ ಅಕಾರಾದಿಂದ: ಅಲಸಂದೆ ರುಬ್ಬಿ, ಈರುಳ್ಳಿ ಮೆಣಸಿನಕಾಯಿ ಬೆರೆಸಿ, ಎಣ್ಣೆಯಲ್ಲಿ ಕರಿದ ವಡೆ. ಅವಳ ಒಲೆ ಇದ್ದದ್ದು ವಠಾರದ ಹಿರಿಯರಾದ ಬಾಬಾ ಲಾದೋಕುನ್ ಅವರ ಜಗಲಿ ಪಕ್ಕ, ಬೀದಿಗೆ ಮುಖ ಮಾಡಿ. ಜಾಗ ಅವರದು. ಇರು ಎಂದರೆ ಇರಬೇಕು, ಏಳು ಎಂದರೆ ಏಳಬೇಕು.

ನಾನು ಮತ ಹಾಕುವ ವಯಸ್ಸಿಗೆ ಬಂದ ವರ್ಷ, ದೇಶ ಆಳುತ್ತಿದ್ದ ಸೈನ್ಯದವರು, ಆಳಿ ಸಾಕಾಯಿತು, ಇನ್ನು ನೀವೇ ಆಳಿಕೊಳ್ಳಿ ಎಂದರು. ಹಾಗೆ ಅವರು ಅಂದದ್ದು ಅದೇ ಮೊದಲೇನಲ್ಲ. ಪಕ್ಷ ಕಟ್ಟುವ ಕಷ್ಟವನ್ನೂ ನಮಗೆ ಕೊಡದೆ ಎರಡನ್ನು ತಾವೇ ಕಟ್ಟಿ ಕೊಟ್ಟರು, ಒಂದು ತುಸು ಎಡಕ್ಕೆ, ಒಂದು ತುಸು ಬಲಕ್ಕೆ. ಒಂದರ ಗುರುತು ಕುದುರೆ, ಇನ್ನೊಂದರದು ಹದ್ದು. ದೇಶದ ದೊಡ್ಡ ಸಭೆಗೆ ಚುನಾವಣೆ. ಆದರೆ ಗುಟ್ಟಿನ ಮತವಿಲ್ಲ. ಬೇಕಾದವರ ಪಟದ ಹಿಂದೆ ಸಾಲಾಗಿ ನಿಂತರೆ ಅಧಿಕಾರಿ ತಲೆ ಎಣಿಸುತ್ತಾನೆ. ಯಾರ ಮತ ಯಾರಿಗೆಂಬುದು ಅತ್ತೆಗೂ ಗೊತ್ತು, ಸವತಿಗೂ ಗೊತ್ತು.

"ನಮ್ಮ ವಠಾರಕ್ಕೆ ವಠಾರವೇ ಹದ್ದಿನ ಹಿಂದೆ," ಎಂದು ಬಾಬಾ ಸಾರಿದರು. ಹದ್ದಿನ ಅಭ್ಯರ್ಥಿ ಒಬ್ಬ ಗುತ್ತಿಗೆದಾರ. ನೀರಿನ ಪೈಪು ಹಾಕುತ್ತೇನೆಂದು ನಮ್ಮ ಬೀದಿ ಅಗೆಸಿ, ಹಾಗೇ ಬಿಟ್ಟಿದ್ದ. ದಿನಾ ಬೆಳಿಗ್ಗೆ ಹಿಟ್ಟಿನ ಬೋಗುಣಿ ಹೊತ್ತು ಆ ಗುಂಡಿ ದಾಟುತ್ತಿದ್ದವಳು ಆಯಿಂಕೆ.

"ಬಾಬಾ, ಆ ಹದ್ದು ನನ್ನನ್ನ ಎರಡು ಸಲ ಗುಂಡಿಗೆ ಬೀಳ್ಸಿದೆ," ಎಂದಳು, ಮಂಡಿಯೂರಿಕೊಂಡೇ.

"ಕಣ್ಣು ಬಿಟ್ಕೊಂಡು ನಡಿಯಮ್ಮ. ಬೇರೆ ಸಾಲಲ್ಲಿ ನಿಂತ್ಯೋ, ಮಾರನೇ ದಿನ ನಿನ್ನ ಒಲೆ ನನ್ನ ಜಗಲಿ ಹತ್ರ ಇರಲ್ಲ."

ಚುನಾವಣೆಯ ದಿನ ಶಾಲೆಯ ಬಯಲಿನಲ್ಲಿ ಅವಳು ಬಾಬಾ ಒಬ್ಬರನ್ನು ಬಿಟ್ಟು ಉಳಿದೆಲ್ಲರಿಗಿಂತ ಮೊದಲು ಬಂದು ಹದ್ದಿನ ಸಾಲಿನಲ್ಲಿ, ಬಾಬಾ ಬೆನ್ನಿಗೇ ನಿಂತಳು. ಆಮೇಲೆ ನಮ್ಮ ಮನೆಯವರು ಒಬ್ಬೊಬ್ಬರೇ ಬಂದರು. ಬಂದವರಿಗೆಲ್ಲ ಮಂಡಿಯೂರಿ, "ಮುಂದೆ ಬನ್ನಿ ಯಜಮಾನ್ರೇ, ನಾನು ಹಿಂದೆ ನಿಲ್ತೀನಿ," ಎಂದಳು.

"ನೋಡಿದ್ರಾ ನಮ್ಮ ಸೊಸೆಯ ನಡತೆ!" ಎಂದು ಬಾಬಾ ಹೆಮ್ಮೆಪಟ್ಟರು.

ನಾನು ಹೋದಾಗ ಅವಳು ಸಾಲಿನ ಅರ್ಧಕ್ಕೆ ಜಾರಿದ್ದಳು. "ಮುತ್ತಿನ ಹಲ್ಲಿನ ಯಜಮಾನ್ರು ದಯಮಾಡಿಸ್ಬೇಕು," ಎಂದು ನನಗೂ ಜಾಗ ಬಿಟ್ಟಳು. ನಾನೂ ಗತ್ತಿನಿಂದಲೇ ನಿಂತೆ. ಬಿಸಿಲು ಏರಿದಂತೆ ಎರಡೂ ಸಾಲಿನ ಬಾಲಗಳು ಒಂದೇ ಮಾವಿನ ಮರದ ನೆರಳಿಗೆ ಬಾಗಿದವು. ಪೀಪಿ ಊದಿ ಎಣಿಕೆ ಶುರುವಾದಾಗ ಹಿಂದೆ ತಿರುಗಿ ನೋಡುತ್ತೇನೆ, ಮರ್ಯಾದೆ ಕೊಟ್ಟು ಕೊಟ್ಟು ನಮ್ಮ ಅತ್ತಿಗೆ ಕುದುರೆ ಸಾಲಿನ ಕೊನೆಯಲ್ಲಿ ನಿಂತಿದ್ದಾಳೆ.

"ಏ ಹುಡುಗಿ! ಈ ಕಡೆ ಬಾ!" ಬಾಬಾ ಕೂಗಿದರು.

ಅಧಿಕಾರಿ ಎಣಿಕೆ ನಿಲ್ಲಿಸಿದ. "ಅಮ್ಮಾ, ಗೊತ್ತಾಗದೆ ಬಂದ್ರೇನೋ. ನಿಮ್ದು ಯಾವ ಸಾಲು?"

ಗೊತ್ತಾಗಲಿಲ್ಲ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಊರೇ ನಕ್ಕು ಸುಮ್ಮನಾಗುತ್ತಿತ್ತು, ಒಲೆಯೂ ಉಳಿಯುತ್ತಿತ್ತು.

"ಕುದುರೆ," ಎಂದಳು. "ಗೊತ್ತಿದ್ದೇ ಬಂದೆ."

ಅಧಿಕಾರಿ ಅವಳ ತಲೆ ಎಣಿಸಿ ಮುಂದೆ ಹೋದ. ಮಾರನೇ ದಿನ ಒಲೆ ಎದ್ದಿತು. ಬಾಬಾ ಆಡಿದ ಮಾತು ತಪ್ಪುವವರಲ್ಲ. ಆಯಿಂಕೆ ಬಾಣಲೆ ಹೊತ್ತು, ಊರ ಹೊರಗಿನ ಲಾರಿ ನಿಲ್ದಾಣಕ್ಕೆ ಹೋಗಿ ಕೂತಳು. ಅಲ್ಲಿ ನೆರಳೂ ಇಲ್ಲ, ಬಾಕಿ ಹೇಳುವ ಗಿರಾಕಿಗಳೇ ಹೆಚ್ಚು. ಅಣ್ಣ ಮಗ್ಗದಿಂದ ತಲೆ ಎತ್ತಿ, "ದೂರ ಆಯ್ತಲ್ಲ," ಎಂದ. ಅಷ್ಟು ಅಂದದ್ದೇ ಅವನ ಪಾಲಿಗೆ ದೊಡ್ಡ ಭಾಷಣ. ವಠಾರದವರು ಮಾತ್ರ ಕದ್ದು ಅಲ್ಲಿಗೇ ಹೋಗಿ ತಿನ್ನುತ್ತಿದ್ದೆವು. ಬಾಬಾ ಬೇರೆ ಕಡೆಯ ಅಕಾರಾ ತರಿಸಿ, ಒಂದು ತುತ್ತು ಕಚ್ಚಿ, ಆಡಿಗೆ ಎಸೆಯುತ್ತಿದ್ದರು.

ಮರುವರ್ಷ ರೇಡಿಯೋದಲ್ಲಿ ಮಿಲಿಟರಿ ಬ್ಯಾಂಡು ಬಂತು. ಸಭೆ ವಿಸರ್ಜನೆಯಾಗಿದೆ, ಪಕ್ಷಗಳೂ ಇಲ್ಲ, ಆಳುವವರು ಮತ್ತೆ ನಾವೇ ಎಂದರು. ಕುದುರೆಯೂ ಹೋಯಿತು, ಹದ್ದೂ ಹೋಯಿತು. ಬಾಬಾ ಎರಡು ದಿನ ಯೋಚಿಸಿ, ನನ್ನನ್ನು ಜೊತೆಗೆ ಕರೆದುಕೊಂಡು ಲಾರಿ ನಿಲ್ದಾಣಕ್ಕೆ ನಡೆದರು. ಆಯಿಂಕೆ ಜಾಲರಿ ಸೌಟು ಕೆಳಗಿಟ್ಟು ಮಂಡಿಯೂರಿದಳು.

"ಚುನಾವಣೆನೇ ಇಲ್ಲ ಅಂದ್ಮೇಲೆ ನಿನ್ನ ತಪ್ಪೂ ಇಲ್ಲ ಕಣಮ್ಮ," ಎಂದರು ಬಾಬಾ. "ನೀನು ಎಲ್ಲೂ ನಿಂತಿರ್ಲಿಲ್ಲ ಅಂತ್ಲೇ ಅಂದ್ಕೊಳ್ಳೋಣ. ಒಲೆ ಎತ್ಕೊಂಡು ಮನೆಗೆ ಬಾ."

ಅವಳಿಗೆ ಬರುವ ಆಸೆ ಎಷ್ಟಿತ್ತೆಂದು ನನಗೆ ಗೊತ್ತಿತ್ತು. ಬಿಸಿಲಿಗೆ ಮುಖವೆಲ್ಲ ಸುಟ್ಟಿತ್ತು. ಆದರೂ ಅವಳು ಏಳಲಿಲ್ಲ.

"ಬರ್ತೀನಿ ಬಾಬಾ. ಆದ್ರೆ ನಿಂತಿರ್ಲಿಲ್ಲ ಅಂತ ಮಾತ್ರ ಅನ್ನಿಸ್ಬೇಡಿ. ಅವ್ರು ಸಭೆ ಮುಚ್ಕೊಂಡ್ರು, ಮುಚ್ಕೊಳ್ಳಲಿ. ನಾನು ನಿಂತಿದ್ದೆ."

ಬಾಣಲೆಯ ಅಕಾರಾ ಹೊತ್ತತೊಡಗಿತು. ಕೊನೆಗೆ ಬಾಬಾ ಬಗ್ಗಿ ಅವಳ ಭುಜ ಹಿಡಿದು ಎಬ್ಬಿಸಿದರು.

"ನೀನು ನಿಂತಿದ್ದೆ ಕಣಮ್ಮ," ಎಂದರು. "ನಾನೇ ನೋಡಿದೀನಿ."