ಅವ್ವ ಬರೆಯದ ಪರೀಕ್ಷೆ

ನಾನು ಓದು ಬಿಟ್ಟದ್ದು ೧೯೯೨ರಲ್ಲಿ, ಏಳನೇ ಕ್ಲಾಸು ಮುಗಿಸಿ. ಅಪ್ಪ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ರೇಷ್ಮೆ ಹುಳಕ್ಕೆ ಹಿಪ್ಪನೇರಳೆ ಸೊಪ್ಪು ಕೊಯ್ಯಲು ಕೈ ಬೇಕಿತ್ತು. ಅದಕ್ಕೆ ಯಾರನ್ನೂ ದೂರುವುದಿಲ್ಲ. ಆ ಕಾಲದ ಏಳನೇ ಕ್ಲಾಸು ಕಮ್ಮಿಯದೇನಲ್ಲ. ಪಕ್ಕದೂರು ಕೈಲಾಂಚದ ಟೀ ಅಂಗಡಿಯಲ್ಲಿ ದೊಡ್ಡವರಿಗೆ ಪೇಪರ್ ಓದಿ ಹೇಳುತ್ತಿದ್ದವನು ನಾನೇ. ನನ್ನ ಅಕ್ಷರವೂ ಚೆನ್ನಾಗಿತ್ತು. ಕೆಟ್ಟದ್ದು ಅದರಿಂದಲೇ.

ಆಗ ದೆಹಲಿಯಲ್ಲಿ ವಿದ್ಯೆ ನೋಡಿಕೊಳ್ಳುವ ಮಂತ್ರಾಲಯದವರ ಕಣ್ಣು ನಮ್ಮ ಹೆಬ್ಬೆಟ್ಟುಗಳ ಮೇಲೆ ಬಿದ್ದಿತ್ತು. ಎಲ್ಲರಿಗೂ ಓದುಬರಹ ಕಲಿಸಿ, ಇಷ್ಟು ತಿಂಗಳೊಳಗೆ ಮುಗಿಸಿ ಅಂತ ಅಲ್ಲಿಂದ ಹೊರಟ ಕಾಗದ ಜಿಲ್ಲೆ, ತಾಲ್ಲೂಕು ಇಳಿದು ನಮ್ಮೂರ ಮಾರಮ್ಮನ ಗುಡಿ ಜಗಲಿಗೆ ಬಂದು ಕೂತಿತು. ಕಲಿಸುವವನು ಪಿಯುಸಿ ಫೇಲಾಗಿ ಊರಲ್ಲಿದ್ದ ಮಾದೇವಣ್ಣ. ಸಂಜೆ ಐದಕ್ಕೆ ಹೆಂಗಸರು ಸ್ಲೇಟು ಹಿಡಿದು, ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾ ಕೂರುತ್ತಿದ್ದರು. ನಾವು ಹುಡುಗರು ಪಕ್ಕದಲ್ಲೇ ಗೋಲಿಯಾಡುತ್ತಾ ಕಿಚಾಯಿಸುತ್ತಿದ್ದೆವು.

ಅವ್ವ ಮಾತ್ರ ನಗುತ್ತಿರಲಿಲ್ಲ. ಅಪ್ಪ ಹಾಸಿಗೆ ಹಿಡಿದ ಮೇಲೆ ರೇಷ್ಮೆಗೂಡಿನ ಮಾರ್ಕೆಟ್ಟಿಗೂ ಹಾಲಿನ ಡೈರಿಗೂ ಅವಳೇ ಹೋಗಬೇಕಿತ್ತು. ಹೆಬ್ಬೆಟ್ಟಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು ಬರುವುದು ಅವಳಿಗೆ ಸಾಕಾಗಿತ್ತು. ರುಜು ಹಾಕಬೇಕು, ಅಷ್ಟೇ ಆಸೆ. ಹುಳದ ಮನೆಯಲ್ಲಿ ಎರಚಿದ ಸುಣ್ಣದ ಪುಡಿಯ ಮೇಲೆ ಬೆರಳಲ್ಲಿ ತಿದ್ದುತ್ತಿದ್ದಳು. ಮೂರು ತಿಂಗಳಿಗೆ ‘ಕೆಂಪ’ ಬಂತು. ‘ಮ್ಮ’ ಬಾಕಿ ಇತ್ತು.

ಅಷ್ಟರಲ್ಲಿ ಪರೀಕ್ಷೆ. ನೋಡಲು ದೆಹಲಿಯವರೇ ಬಂದರು. ಸರಿಯಾಗಿ ಅವತ್ತೇ ನಮ್ಮ ಹುಳ ಹಣ್ಣಾಗಿ ಗೂಡು ಕಟ್ಟಲು ನಿಂತವು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಒಂದೊಂದೇ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ತಿಂಗಳ ದುಡಿಮೆ ಸೊಪ್ಪಿನ ಮೇಲೇ ನೂಲು ಬಿಟ್ಟು ಹಾಳು. ಅರ್ಧ ಊರಿನ ಮನೆಗಳಲ್ಲಿ ಅದೇ ಗತಿ. ಮಾದೇವಣ್ಣ ಏದುಸಿರು ಬಿಡುತ್ತಾ ಬಂದ.

“ಕೆಂಪಕ್ಕ, ಒಂದ್ಗಂಟೆ ಬಂದ್ಬುಡಿ. ದೆಲ್ಲಿಯೋರು ಬಂದ್ಬುಟ್ಟವ್ರೆ.”

“ಹುಳ ಹಣ್ಣಾಗವೆ ಕಣಪ್ಪ. ನಾಳಿಕ್ಕೆ ಬರೀತೀನಿ.”

“ನಾಳಿಕ್ಕೆ ಅವ್ರು ಇರಲ್ಲ ಕಣಕ್ಕ.”

“ಅಷ್ಟೊಂದು ಓದವ್ರೆ, ಹುಳ ಯಾವತ್ತು ಹಣ್ಣಾಯ್ತವೆ ಅಂತ ಒಸಿ ಕೇಳ್ಕಂಡು ಬರಕ್ಕಾಗ್ನಿಲ್ವ?” ಅವ್ವ ತಲೆ ಎತ್ತಲಿಲ್ಲ.

ಮಾದೇವಣ್ಣ ಹೊರಗೆ ಬಂದು ನನ್ನ ರಟ್ಟೆ ಹಿಡಿದ. “ಲೇ, ನೀನು ಬಾರ್ಲಾ. ನಿಮ್ಮವ್ವಂದು ನೀನೇ ಬರ್ದುಬುಡು.”

ಚಂದ್ರಿಕೆ ಇಸಕೊಂಡು ಬತ್ತೀನಿ ಎಂದು ಅವ್ವನಿಗೆ ಸುಳ್ಳು ಹೇಳಿ ಹೋದೆ. ದೆಹಲಿಯವರ ಎದುರಿಗೆ ಬಂದಷ್ಟು ಹೆಂಗಸರು. ಶಾಲೆಯ ಹಿಂದಿನ ರೂಮಿನಲ್ಲಿ, ಬಾರದವರ ಪೇಪರು ಹಂಚಿಕೊಂಡು ನಾವು ಐದು ಜನ ಹುಡುಗರು. “ಸೊಟ್ಟಪಟ್ಟ ಬರೀರ್ಲಾ, ಮೇಷ್ಟ್ರಾಗಕ್ಕೆ ಹೋಗ್ಬ್ಯಾಡಿ” ಎಂದು ಮಾದೇವಣ್ಣ ಎರಡು ಸಲ ಹೇಳಿದ. ನನ್ನ ಕೈ ಒಪ್ಪಲಿಲ್ಲ. ದೆಹಲಿಯಿಂದ ಬಂದವರು ಕಟ್ಟಿನಿಂದ ಅವ್ವನ ಹೆಸರಲ್ಲಿ ನಾನು ಬರೆದ ಪೇಪರನ್ನೇ ಎತ್ತಿ, ಜೊತೆಯವರಿಗೆ ತೋರಿಸಿ, ಫೈಲಿಗೆ ಸೇರಿಸಿಕೊಂಡರು. ಕಿಟಕಿಯಲ್ಲಿ ನೋಡುತ್ತಿದ್ದ ನನ್ನ ಎದೆ ಉಬ್ಬಿತು.

ಊರಿಗೆ ಊರೇ ಪಾಸು. ಕಲಿಯಲು ಯಾರೂ ಉಳಿದಿಲ್ಲವೆಂದು ಹದಿನೈದು ದಿನಕ್ಕೆ ಕ್ಲಾಸು ಮುಚ್ಚಿ, ಬೋರ್ಡು, ಸ್ಲೇಟು ಜೀಪಿಗೆ ತುಂಬಿಕೊಂಡು ಹೋದರು.

“ಯಾಕ್ಲಾ ಮಗ, ಕ್ಲಾಸ್ ಇಲ್ವಂತೆ? ನಂದಿನ್ನೂ ಅರ್ಧಕ್ಕೇ ನಿಂತೈತೆ.”

“ನೀನು ಪಾಸಾಗಿದ್ದೀಯ ಕಣವ್ವ. ನೂರಕ್ಕೆ ತೊಂಬತ್ತಾರು.”

“ನಾನ್ಯಾವಾಗ ಬರ್ದೆ?”

ಹೇಳಿದೆ. ಅವ್ವ ಬೈಯಲಿಲ್ಲ. ಕಟ್ಟುತ್ತಿದ್ದ ಮುದ್ದೆಯನ್ನು ನನ್ನ ತಟ್ಟೆಗೆ ಇಟ್ಟಳು. ಆಮೇಲೆ, “ಹಂಗಾರೆ ಉಳಿದಿದ್ನ ನೀನೇ ಹೇಳ್ಕೊಡು” ಅಂದಳು.

ಮೂರು ದಿನ ಹೇಳಿಕೊಟ್ಟೆ. ನಾಲ್ಕನೇ ದಿನ ಗೋಲಿಯಾಟಕ್ಕೆ ಹೊತ್ತಾಗುತ್ತಿತ್ತು. “ಇಷ್ಟೂ ಬರಲ್ವೇನವ್ವ ನಿಂಗೆ? ಬಡ್ಕಂಡು ಬಡ್ಕಂಡು ಸಾಕಾಯ್ತು” ಎಂದು ರೇಗಿದೆ. ಅವ್ವ ಎದ್ದು ಕೈ ತೊಳೆದುಕೊಂಡಳು. ಮತ್ತೆ ಯಾವತ್ತೂ ಕೇಳಲಿಲ್ಲ. ಡೈರಿಯ ಕಾಗದದಿಂದ ಆಸ್ಪತ್ರೆಯ ಕೊನೆಯ ಕಾಗದದವರೆಗೆ ಹೆಬ್ಬೆಟ್ಟೇ ಒತ್ತಿದಳು.

ಮೊನ್ನೆ ಒಬ್ಬಳು ಹುಡುಗಿ ಮೊಬೈಲು ಹಿಡಿದು ಬಾಗಿಲಿಗೆ ಬಂದಳು. “ಮನೇಲಿ ಓದುಬರಹ ಬರದೇ ಇರೋರು ಯಾರಾದ್ರೂ ಇದ್ದಾರಾ ಸರ್?” ಇದರಲ್ಲಿ ತುಂಬಿದರೆ ಅದೇ ದಿನ ದೆಹಲಿಗೆ ಗೊತ್ತಾಗುತ್ತದಂತೆ. ಗೊತ್ತಾಗಿ ಏನು? ಅವತ್ತೂ ಅವರಿಗೆ ಗೊತ್ತಾಗಿತ್ತಲ್ಲ, ತೊಂಬತ್ತಾರು ಅಂತ. ಎಣಿಸುವುದಕ್ಕೆ ಬರುತ್ತಾರೆ, ಎಣಿಸಿದ ಮೇಲೆ ಒಬ್ಬರೂ ತಿರುಗಿ ನೋಡುವುದಿಲ್ಲ.

“ಈ ಊರು ಆವಾಗ್ಲೇ ಪಾಸಾಗೈತೆ ಕಣಮ್ಮ” ಅಂದೆ. ಅವಳು ‘ಇಲ್ಲ’ ಒತ್ತಿಕೊಂಡು ಮುಂದಿನ ಮನೆಗೆ ಹೋದಳು. ಅವಳ ಮೇಲೆ ಯಾಕೆ ರೇಗಲಿ? ಬರೆದವನು ನಾನು.

ಅವ್ವ ಹೋಗಿ ನಾಲ್ಕು ವರ್ಷ. ಈಗ ನನ್ನ ಹತ್ತಿರ ಇರುವುದು ಇಷ್ಟು: ಎರಡು ಎಕರೆ ಹಿಪ್ಪನೇರಳೆ, ಒಂದು ಬೋರ್‌ವೆಲ್, ಮೂರು ಹಸು, ಶೀಟು ಹೊದಿಸಿದ ದೊಡ್ಡ ಹುಳದ ಮನೆ, ಡಿಗ್ರಿ ಮುಗಿಸಿದ ಇಬ್ಬರು ಹೆಣ್ಣುಮಕ್ಕಳು, ಅವ್ವ ಪಾಸಾದಳೆಂದು ಅವಳ ಹೆಸರಿನ ಒಂದು ಸರ್ಟಿಫಿಕೇಟು. ಅವ್ವ ಬರೆದ ಅಕ್ಷರ ಒಂದೂ ಇಲ್ಲ.